ಇನ್‌ಸ್ಟಾಲರ್ ಶುರುವಾಗುತ್ತಲೇ ಲ್ಯಾಪ್‌ಟಾಪ್ ನಿಂತುಹೋದರೆ

ಉಬುಂಟು (ವಿಂಡೋಸ್‌ನಂಥ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಹಾಕಲು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದ ಕೂಡಲೇ ಪರದೆ ಕಪ್ಪಾಗಿ ನಿಂತುಬಿಟ್ಟರೆ ಲ್ಯಾಪ್‌ಟಾಪೇ ಹಾಳಾಯಿತು ಅಂದುಕೊಳ್ಳಬೇಡಿ. ನನ್ನ ತಂಗಿಯ ಗೇಮಿಂಗ್ ಲ್ಯಾಪ್‌ಟಾಪ್‌ನಲ್ಲೂ ಹೀಗೇ ಆಯಿತು. ಅದರಲ್ಲಿ ವಿಂಡೋಸ್ ಮಾತ್ರ ಚೆನ್ನಾಗಿಯೇ ಓಡುತ್ತಿತ್ತು.

ಮೊದಲು ಉಬುಂಟುವಿನ ಇನ್‌ಸ್ಟಾಲರ್ ಇರುವ ಐಎಸ್‌ಒ ಫೈಲ್ ಸರಿಯಾಗಿ ಡೌನ್‌ಲೋಡ್ ಆಗಿದೆಯಾ ನೋಡಿ. ಅದರ ಎಸ್‌ಎಚ್‌ಎ256 ಚೆಕ್‌ಸಮ್ (ಫೈಲ್ ಕೆಟ್ಟಿಲ್ಲವೆಂದು ತಿಳಿಯಲು ಲೆಕ್ಕಹಾಕುವ ಸಂಕೇತ) ಉಬುಂಟು ತಾಣದಲ್ಲಿ ಕೊಟ್ಟಿರುವುದಕ್ಕೆ ಹೊಂದದಿದ್ದರೆ ಮತ್ತೆ ಇಳಿಸಿಕೊಂಡು ಪೆನ್‌ಡ್ರೈವ್‌ಗೆ ಹೊಸದಾಗಿ ಬರೆಯಿರಿ.

ಅದು ಸರಿಯಿದ್ದರೆ ನನ್ನ ಅನುಮಾನ ಗ್ರಾಫಿಕ್ಸ್ ಮೇಲೆ. ಬೂಟ್ ಆಗುವಾಗಲೇ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಗ್ರಾಫಿಕ್ಸ್ ಡ್ರೈವರ್ ಎಬ್ಬಿಸಿ ಪರದೆಯನ್ನು ಹೊಂದಿಸುತ್ತದೆ. ಎರಡು ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪ್‌ಗಳು ಎಷ್ಟೋ ಸಲ ಸಿಕ್ಕಿಹಾಕಿಕೊಳ್ಳುವುದು ಅಲ್ಲೇ. ಬೂಟ್ ಶುರುವಿನಲ್ಲಿ ಬರುವ ಆಯ್ಕೆಗಳ ಪಟ್ಟಿಯಲ್ಲಿ, ಅಂದರೆ ಗ್ರಬ್ ಮೆನುವಿನಲ್ಲಿ, ‘ಸೇಫ್ ಗ್ರಾಫಿಕ್ಸ್’ ಇದ್ದರೆ ಅದನ್ನೇ ಆರಿಸಿ. ಇಲ್ಲದಿದ್ದರೆ ಮೊದಲ ಆಯ್ಕೆಯ ಮೇಲೆ ನಿಂತು ‘ಇ’ ಕೀ ಒತ್ತಿ. ‘ಲಿನಕ್ಸ್’ ಎಂದು ಶುರುವಾಗುವ ಸಾಲಿನಲ್ಲಿ, ಮೂರು ಅಡ್ಡಗೆರೆಗಳಿಗೆ (---) ಮುಂಚೆ ‘ನೋಮೋಡ್‌ಸೆಟ್’ (nomodeset) ಎಂದು ಸೇರಿಸಿ; ಪರದೆ ಹೊಂದಿಸುವ ಆ ಕೆಲಸ ಬಿಡು ಅಂತ ಕರ್ನಲ್‌ಗೆ ಹೇಳುವ ಸೂಚನೆ ಇದು. ಎಲ್ಲಾ ಸಣ್ಣ ಇಂಗ್ಲಿಷ್ ಅಕ್ಷರ, ಪದದ ನಡುವೆ ಜಾಗ ಬೇಡ, ಆಚೀಚೆ ಒಂದೊಂದು ಸ್ಪೇಸ್ ಇರಲಿ. ಆಮೇಲೆ ಎಫ್10 ಒತ್ತಿ. ತಂಗಿಯ ಲ್ಯಾಪ್‌ಟಾಪ್ ಎದ್ದಿದ್ದು ಇದರಿಂದಲೇ. ಪರದೆ ಸ್ವಲ್ಪ ಒರಟಾಗಿ ಕಾಣುತ್ತದೆ, ಇನ್‌ಸ್ಟಾಲ್ ಮಾಡಲು ಅಷ್ಟು ಸಾಕು ಅಲ್ವಾ?

ಈ ಬದಲಾವಣೆ ಆ ಒಂದು ಬೂಟ್‌ಗೆ ಮಾತ್ರ. ಇನ್‌ಸ್ಟಾಲ್ ಆದ ಮೇಲೂ ಪರದೆ ಕಪ್ಪಾದರೆ ಹೀಗೇ ಒಳಗೆ ಹೋಗಿ, ಉಬುಂಟುವಿನ ‘ಅಡಿಷನಲ್ ಡ್ರೈವರ್ಸ್’ ಆ್ಯಪ್‌ನಲ್ಲಿ ನಿಮ್ಮ ಚಿಪ್‌ಗೆ ಸೂಚಿಸಿರುವ ಡ್ರೈವರ್ ಹಾಕಿಕೊಳ್ಳಿ.