ಒಂದೇ ಮೈದಾನ, ಹತ್ತು ಆಟ: ನಮ್ಮ ಬಡಾವಣೆಯ ಕ್ರೀಡಾ ಪಾರ್ಕಿಗೆ ವೇಳಾಪಟ್ಟಿ ಹಾಕಿದ್ದು

ಕ್ರೀಡಾ ಪಾರ್ಕ್ ಅಂದ ಕೂಡಲೇ ಜನ ನಕ್ಷೆ ಕೇಳುತ್ತಾರೆ. ವಾಲಿಬಾಲ್ ಎಲ್ಲಿ, ಜಿಮ್ಮು ಎಲ್ಲಿ, ಜಾರುಬಂಡೆ ಎಲ್ಲಿ. ಶಿವಮೊಗ್ಗದ ನಮ್ಮ ಬಡಾವಣೆಯ ಪಾರ್ಕಿನ ಉಸ್ತುವಾರಿ ಸಮಿತಿಗೆ ನನ್ನನ್ನು ಸೇರಿಸಿಕೊಂಡಾಗಲೂ ಮೇಜಿನ ಮೇಲೆ ಮೊದಲು ಬಂದದ್ದು ಬಣ್ಣಬಣ್ಣದ ನಕ್ಷೆಯೇ. ಪಿ.ಟಿ. ಮೇಷ್ಟ್ರಾಗಿ ಒಂದೇ ಶಾಲೆ ಅಂಗಳದಲ್ಲಿ ಪ್ರಾರ್ಥನೆ, ಖೋ ಖೋ, ಬಿಸಿಯೂಟದ ಸಾಲು ಎಲ್ಲ ನಡೆಸಿದವನು ನಾನು. ನನಗೆ ಜಾಗಕ್ಕಿಂತ ಹೊತ್ತಿನ ಚಿಂತೆ. ನಕ್ಷೆ ಆಮೇಲೆ ನೋಡೋಣ, ಮೊದಲು ಯಾರು ಯಾವಾಗ ಬರ್ತಾರೆ ಅಂತ ಬರೆದುಕೊಳ್ಳೋಣ ಅಂದೆ.

ಬರೆದುಕೊಂಡೆವು. ಗೇಟಿನ ಪಕ್ಕದ ಕಲ್ಲುಬೆಂಚಿನಲ್ಲಿ ಸರದಿ ಮೇಲೆ ಕೂತು, ಗಂಟೆಗೊಂದು ಸಾಲು. ವಾರದ ದಿನ ಬೇರೆ, ಭಾನುವಾರ ಬೇರೆ. ಬೆಳಗ್ಗೆ ಐದೂವರೆಗೆ ವಾಕಿಂಗ್‌ನವರು, ಆರಕ್ಕೆ ಶಟಲ್‌ನವರು. ಹತ್ತರಿಂದ ಮೂರರವರೆಗೆ ಪಾರ್ಕು ಖಾಲಿ ಹೊಡೆಯುತ್ತದೆ. ಶಾಲೆ ಬಿಟ್ಟ ಮೇಲೆ ಮಕ್ಕಳ ದಂಡು. ಐದೂವರೆಯಿಂದ ಏಳು, ಎಲ್ಲ ಜಗಳವೂ ಈ ಒಂದೂವರೆ ಗಂಟೆಯಲ್ಲೇ. ಪುಸ್ತಕದಲ್ಲಿ ಎದ್ದು ಕಂಡ ಇನ್ನೊಂದು ವಿಷಯ: ದೀಪ ಹತ್ತಿದ ಮೇಲೆ ಹೆಂಗಸರು ಒಬ್ಬರೂ ಇಲ್ಲ. ಸಭೆಯಲ್ಲಿ ಅವರನ್ನೇ ಕೇಳಿದೆವು. ಬೇಲಿಗೆ ನೆಟ್ಟ ದಾಸವಾಳ ಆಳೆತ್ತರ ಬೆಳೆದು ಒಳಗಿರುವವರು ರಸ್ತೆಗೆ ಕಾಣುತ್ತಿರಲಿಲ್ಲ, ಶೌಚಾಲಯಕ್ಕೆ ಸದಾ ಬೀಗ. ದಾಸವಾಳವನ್ನು ಸೊಂಟದ ಮಟ್ಟಕ್ಕೆ ಕತ್ತರಿಸಿದೆವು, ಬೀಗದ ಕೈಯನ್ನು ಗೇಟಿನ ಹತ್ತಿರದ ಅಂಗಡಿಯಲ್ಲಿ ಇಟ್ಟೆವು. ಅಷ್ಟಕ್ಕೇ ಸಂಜೆಯ ಥ್ರೋಬಾಲ್ ತಂಡವೊಂದು ಹುಟ್ಟಿಕೊಂಡಿತು. ಖರ್ಚಿಲ್ಲದ ಕೆಲಸ ಯಾವ ಯೋಜನಾ ವರದಿಯಲ್ಲೂ ಇರುವುದಿಲ್ಲ ನೋಡಿ.

ಇನ್ನು ಅಂಕಣದ ಲೆಕ್ಕ. ಪ್ರತಿ ಆಟದವರೂ ತಮಗೇ ಒಂದು ಅಂಕಣ ಕೇಳುತ್ತಾರೆ, ಕೊಡಲು ಜಾಗ ಎಲ್ಲಿದೆ? ಖೋ ಖೋ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ಸುತ್ತ ಒಂದೂವರೆ ಮೀಟರ್ ಬಿಟ್ಟರೆ 30ಕ್ಕೆ 19. ವಾಲಿಬಾಲಿಗೆ 18ಕ್ಕೆ 9, ಸುತ್ತ ಮೂರು ಮೀಟರ್ ಸೇರಿಸಿದರೂ 24ಕ್ಕೆ 15. ಗಂಡಸರ ಕಬಡ್ಡಿಗೆ 13ಕ್ಕೆ 10. ಥ್ರೋಬಾಲಿಗೆ 18.30ಕ್ಕೆ 12.20. ಅಂದರೆ ಖೋ ಖೋಗೆ ಸಾಲುವ ಒಂದು ಆಯತ ಮಾಡಿದರೆ ನಾಲ್ಕೂ ಆಟ ಅದರೊಳಗೇ ಕೂರುತ್ತವೆ, ಒಂದೊಂದಕ್ಕೆ ಒಂದೊಂದು ಹೊತ್ತು ಕೊಟ್ಟರಾಯಿತು.

ತೊಡಕು ಕಂಬದ್ದು. ವಾಲಿಬಾಲ್ ಕಂಬವನ್ನು ಗೆರೆಯಿಂದ ಒಂದು ಮೀಟರ್ ಆಚೆ ನೆಟ್ಟರೂ ನಡುವೆ ಸಿಗುವುದು 11 ಮೀಟರ್, ಥ್ರೋಬಾಲಿಗೆ ಅದು ಸಾಲದು. ಕಾಂಕ್ರೀಟ್ ಹಾಕಿ ಶಾಶ್ವತವಾಗಿ ನೆಟ್ಟರೆ ಖೋ ಖೋ ಓಡುವ ಹುಡುಗಿಯರ ಹಣೆಗೇ ಕಾದಿರುತ್ತದೆ. ಅದಕ್ಕೆ ನೆಲದೊಳಗೆ ಕಬ್ಬಿಣದ ಪೈಪಿನ ತುಂಡು ಹೂತು, ಕಂಬವನ್ನು ಬೇಕಾದಾಗ ಅದರೊಳಗೆ ಇಳಿಸುವ ಹಾಗೆ ಮಾಡಿಸಿದೆವು. ಎರಡು ಜೊತೆ ಪೈಪು, ಒಂದೇ ಜೊತೆ ಕಂಬ. ಪೈಪಿನ ಬಾಯಿಗೆ ನೆಲದ ಮಟ್ಟಕ್ಕೇ ಕೂರುವ ಮುಚ್ಚಳ, ಮುಚ್ಚಳಕ್ಕೆ ಸಣ್ಣ ಸರಪಳಿ. ಸರಪಳಿ ಇಲ್ಲದಿದ್ದರೆ ಮುಚ್ಚಳ ಗುಜರಿಗೆ ಹೋಗುತ್ತದೆ, ತೆರೆದ ಪೈಪಿನಲ್ಲಿ ಮಗುವಿನ ಕಾಲು ಹೋಗುತ್ತದೆ. ಗೆರೆ ಹಾಕಲು ಸುಣ್ಣ ಬೇಡ ಅಂತ ಪಟ್ಟು ಹಿಡಿದೆ. ಕಬಡ್ಡಿಯಲ್ಲಿ ಬೆವೆತ ಮೈ ನೆಲಕ್ಕೆ ಉಜ್ಜುತ್ತದೆ, ಸುಣ್ಣ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಕೇಳಲೇಬೇಡಿ. ಬಿಳಿ ರಂಗೋಲಿ ಪುಡಿ ಸಾಕು.

ಇಷ್ಟೆಲ್ಲ ಮಾಡಿದರೂ ಮಲೆನಾಡಿನ ಪಾರ್ಕನ್ನು ಆಳುವುದು ಮಳೆ. ಶಿವಮೊಗ್ಗ ಮಲೆನಾಡಿನ ಹೆಬ್ಬಾಗಿಲು ಮಾತ್ರ, ಆಗುಂಬೆ, ಹೊಸನಗರದಷ್ಟು ಸುರಿಯುವುದಿಲ್ಲ, ನಿಜ. ಆದರೆ ನಮ್ಮ ಬಡಾವಣೆ ಮೊದಲು ಗದ್ದೆ. ಅಡಿಯಲ್ಲಿ ಜೇಡಿಮಣ್ಣು, ನೀರು ಇಂಗುವುದಿಲ್ಲ. ಒದ್ದೆ ನೆಲದಲ್ಲಿ ಒಂದು ಸಂಜೆ ಕ್ರಿಕೆಟ್ ಆಡಿದರೆ ಆ ಹೆಜ್ಜೆಗುಳಿಗಳು ದೀಪಾವಳಿವರೆಗೂ ಗಟ್ಟಿಯಾಗಿ ನಿಂತು ಕಾಲು ಉಳುಕಿಸುತ್ತವೆ. ಹಾಗಾಗಿ ನಮ್ಮ ವರ್ಷದ ಯೋಜನೆಯನ್ನು ಮಳೆ ನಕ್ಷತ್ರದ ಮೇಲೆಯೇ ಬರೆದೆವು. ಮೃಗಶಿರ ಹಿಡಿಯುವ ಮುಂಚೆ, ಅಂದರೆ ಜೂನ್ ಮೊದಲ ವಾರದೊಳಗೆ, ಚರಂಡಿ ಬಿಡಿಸುವುದು, ಜಿಮ್ಮಿನ ಬೇರಿಂಗ್‌ಗಳಿಗೆ ಗ್ರೀಸು, ವಾಕಿಂಗ್ ದಾರಿಯ ಹಾವಸೆ ಉಜ್ಜುವುದು. ಇಂಟರ್‌ಲಾಕ್ ಇಟ್ಟಿಗೆ ನೋಡಲು ಚೆಂದ, ನೆರಳಿದ್ದ ಕಡೆ ಹಾವಸೆ ಕಟ್ಟಿ ಜಾರುತ್ತದೆ. ಮರದಡಿಯ ಭಾಗದಲ್ಲಿ ಅದನ್ನು ಕಿತ್ತು ಜಂಬಿಟ್ಟಿಗೆಯ ಚೂರು ಹಾಕಿ ದಮ್ಮಸು ಮಾಡಿಸಿದ್ದೇವೆ. ಪುನರ್ವಸು, ಪುಷ್ಯ ಎರಡೂ ಮಳೆಗೆ, ಜುಲೈ ಮೊದಲ ವಾರದಿಂದ ಆಗಸ್ಟ್ ಆರಂಭದವರೆಗೆ, ದೊಡ್ಡ ಮೈದಾನ ಪೂರ್ತಿ ಬಂದ್.

ಇಲ್ಲೇ ಒಂದು ಇಕ್ಕಟ್ಟು. ಶಾಲೆ ಮಕ್ಕಳ ಹೋಬಳಿ, ತಾಲ್ಲೂಕು ಮಟ್ಟದ ಕ್ರೀಡಾಕೂಟಗಳು ಬರುವುದೂ ಈ ಮಳೆಗಾಲದ ಆಸುಪಾಸಿನಲ್ಲೇ. ಅಭ್ಯಾಸಕ್ಕೆ ಜಾಗ ಬೇಕಾದಾಗಲೇ ನೆಲ ಕೆಸರು. ಅದಕ್ಕಾಗಿಯೇ ಆ 30ಕ್ಕೆ 19ರ ಆಯತವನ್ನು ಪಾರ್ಕಿನ ಎತ್ತರದ ಮೂಲೆಗೆ ಸರಿಸಿ, ಜಂಬುಮಣ್ಣು ತುಂಬಿಸಿ, ಅಗಲಕ್ಕೆ ನೂರಕ್ಕೆ ಒಂದರಂತೆ ಇಳಿಜಾರು ಕೊಟ್ಟೆವು. 19 ಮೀಟರಿಗೆ ಬೀಳುವ ವ್ಯತ್ಯಾಸ 19 ಸೆಂಟಿಮೀಟರ್, ಆಡುವವರಿಗೆ ಗೊತ್ತೂ ಆಗುವುದಿಲ್ಲ. ಮಳೆ ಹೊಳವಾದರೆ ಸಾಕು, ಸ್ವಲ್ಪ ಹೊತ್ತಿಗೆ ಮಕ್ಕಳು ಇಳಿಯಬಹುದು. ಕೈಯಲ್ಲಿದ್ದ ದುಡ್ಡಿನ ಬಹುಪಾಲು ಹೋದದ್ದು ಈ ಮಣ್ಣಿಗೆ. ಕಾರಂಜಿ ಮಾಡಿಸಬಹುದಿತ್ತಲ್ಲ ಅಂತ ಇವತ್ತಿಗೂ ಕೊರಗುವವರಿದ್ದಾರೆ.

ಇವತ್ತು ತೆರೆಯಬೇಕೋ ಮುಚ್ಚಬೇಕೋ ಅನ್ನುವುದನ್ನು ಅಧ್ಯಕ್ಷರ ಕೈಗೆ ಕೊಡಲಿಲ್ಲ. ಅಧ್ಯಕ್ಷರಿಗೆ ಫೋನು ಬರುತ್ತದೆ, ಫೋನು ಬಂದರೆ ಗೇಟು ತೆರೆಯುತ್ತದೆ. ತೀರ್ಮಾನ ಪಾರ್ಕು ನೋಡಿಕೊಳ್ಳುವ ಮಾಲಿಯದು. ಅವರು ಮೈದಾನದ ತಗ್ಗಿನಲ್ಲಿ ಹಿಮ್ಮಡಿ ಊರಿ ಅರ್ಧ ಸುತ್ತು ತಿರುಗಿಸುತ್ತಾರೆ. ಗುಳಿಯಲ್ಲಿ ನೀರು ಒಸರಿದರೆ ಗೇಟಿಗೆ ಕೆಂಪು ಹಲಗೆ. ಮೊದಲ ವರ್ಷ ಹುಡುಗರು ನನ್ನ ಮನೆಗೇ ಬಂದರು. "ಎಂತ ಮೇಷ್ಟ್ರೇ, ಬಿಸಿಲು ಬಿದ್ದಿದೆ, ನೀವೊಂದು ಮಾತು ಹೇಳಿ." "ನಂದೆಂತೂ ನಡಿಯಲ್ಲ ಮಾರಾಯ, ಅವರನ್ನೇ ಕೇಳಿ" ಅಂದೆ. "ಹಂಗಾದ್ರೆ ಕೆಸರುಗದ್ದೆ ಆಟನಾದ್ರೂ ಇಡಿ." ಕೆಸರುಗದ್ದೆ ಆಡಲು ಗದ್ದೆಗೆ ಹೋಗಿ ಅಂತ ಕಳಿಸಿದೆ.

ಕ್ರಿಕೆಟ್ಟಿಗೆ ಟೆನಿಸ್ ಬಾಲ್ ಮಾತ್ರ, ಕಾಂಪೌಂಡ್ ದಾಟಿದರೆ ಸಿಕ್ಸರ್ ಅಲ್ಲ, ಔಟು. ಗಲ್ಲಿಯ ಈ ನಿಯಮವನ್ನು ಹಾಗೇ ನಡಾವಳಿ ಪುಸ್ತಕಕ್ಕೆ ಇಳಿಸಿದೆವು. ಹುಡುಗರೇ ಮಾಡಿಕೊಂಡ ಕಾನೂನಾದ್ದರಿಂದ ಯಾರೂ ತಕರಾರು ತೆಗೆಯಲಿಲ್ಲ, ಕಿಟಕಿ ಗಾಜೂ ಉಳಿಯಿತು.

ಹೊನಲು ಬೆಳಕಿನ ಪಂದ್ಯಾವಳಿಗಳು ಬೇರೆಯದೇ ತಲೆನೋವು. ಮಳೆ ನಿಂತ ಮೇಲೆ ವಾಲಿಬಾಲ್, ಕಬಡ್ಡಿ ಅಂತ ಅರ್ಜಿಗಳ ಸಾಲು. ಅದರ ನಡುವೆ ಶಾಮಿಯಾನದವರ ಗೂಟದ ಗುಂಡಿ. ಈಗ ಠೇವಣಿ ಕಟ್ಟಿಸಿಕೊಳ್ಳುತ್ತೇವೆ. ಗುಂಡಿ ಮುಚ್ಚಿ, ನೀರು ಹಾಕಿ, ರೋಲರ್ ಎಳೆದ ಮೇಲೆಯೇ ವಾಪಸ್ಸು. ಮೈಕಿನ ವಿಷಯದಲ್ಲಿ ನಾವು ಹೊಸ ನಿಯಮ ಮಾಡುವ ಪ್ರಮೇಯವೇ ಬರಲಿಲ್ಲ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಅರ್ಜಿಯ ತಲೆಮೇಲೇ ಅದನ್ನು ಅಚ್ಚು ಹಾಕಿಸಿದ್ದೇವೆ.

ಜಾಗ ಪಾಲಿಕೆಯದು, ನಾವು ನೋಡಿಕೊಳ್ಳುವವರು ಅನ್ನುವುದನ್ನು ಮೊದಲ ಪುಟದಲ್ಲೇ ಬರೆದಿಟ್ಟದ್ದು ಒಳ್ಳೆಯದಾಯಿತು. ಮೂಲೆಯಲ್ಲೊಂದು ಸಮುದಾಯ ಭವನ ಕಟ್ಟೋಣ ಅಂತ ನಮ್ಮ ಸಮಿತಿಯೊಳಗೇ ಕೆಲವರು ಎದ್ದರು. ಉದ್ಯಾನ, ಆಟದ ಮೈದಾನ, ತೆರೆದ ಜಾಗಗಳನ್ನು ಕಾಪಾಡಲೆಂದೇ ರಾಜ್ಯದಲ್ಲಿ 1985ರ ಕಾಯ್ದೆ ಇದೆ. ಅದರ ಪ್ರತಿ ತಂದು ಸಭೆಯಲ್ಲಿ ಓದಿದೆ. ಭವನದ ಮಾತು ನಿಂತಿತು, ಇಬ್ಬರು ನನ್ನೊಂದಿಗೆ ಮಾತೂ ನಿಲ್ಲಿಸಿದರು.

ವೇಳಾಪಟ್ಟಿಯನ್ನು ಪ್ರತಿ ಮೇ ತಿಂಗಳು ಮತ್ತೆ ಬಿಚ್ಚುತ್ತೇವೆ, ಬೆಂಚಿನ ಪುಸ್ತಕ ಎದುರಿಗಿಟ್ಟುಕೊಂಡು. ಈ ಸಲದ ಅರ್ಜಿ ಶುಲ್ಕ ಪಡೆದು ತರಬೇತಿ ಕೊಡುವವರದು. ಸಂಜೆ ಐದರಿಂದ ಏಳು ಕೊಡಿ, ಒಳ್ಳೆ ಬಾಡಿಗೆ ಕೊಡುತ್ತೇವೆ ಎನ್ನುತ್ತಿದ್ದಾರೆ. ಖಜಾಂಚಿಗೆ ಮನಸ್ಸಿದೆ, ವಿದ್ಯುತ್ ಬಿಲ್ಲು ಅವರ ಕಣ್ಣ ಮುಂದಿದೆ. ನಾನು ಹೇಳುವುದು, ಬೆಳಗ್ಗೆ ಏಳರ ಮೇಲೆ ಕೊಡೋಣ, ಬೇಸಿಗೆ ರಜೆಯಲ್ಲಿ ಮಧ್ಯಾಹ್ನದವರೆಗೂ ಕೊಡೋಣ, ಸಂಜೆ ಬೇಡ. ದುಡ್ಡು ಕೊಡಲಾಗದ ಮಕ್ಕಳಿಗೆ ಇರುವ ಹೊತ್ತು ಅದೊಂದೇ. ಮುಂದಿನ ಭಾನುವಾರ ಕೈ ಎತ್ತಿಸುತ್ತೇವೆ.