ನೂರಕ್ಕೆ ಮೂರು ಅಂದರೆ ಎಷ್ಟು? ಹೈಸ್ಕೂಲ್ ಮಕ್ಕಳಿಗೆ ಬಡ್ಡಿ ಲೆಕ್ಕ

ಒಂಬತ್ತನೇ ಕ್ಲಾಸಿನಲ್ಲಿ ನಾನು ಬಡ್ಡಿ ಪಾಠವನ್ನು ಊರಿನ ಮಾತಿನಿಂದಲೇ ಶುರು ಮಾಡುತ್ತೇನೆ. 'ನೂರಕ್ಕೆ ಮೂರು ರೂಪಾಯಿ ಬಡ್ಡಿ' ಅಂದರೆ ಎಷ್ಟು ಅಂತ ಕೇಳಿ. ಹೆಚ್ಚಿನವರು ಶೇ. 3 ಅನ್ನುತ್ತಾರೆ. ಅದು ತಿಂಗಳಿಗೆ! ವರ್ಷಕ್ಕೆ ಶೇ. 36. 10,000 ರೂಪಾಯಿ ಕೈಸಾಲಕ್ಕೆ ಬಡ್ಡಿಯೇ 3,600. ಇದನ್ನು ಮಕ್ಕಳೇ ಲೆಕ್ಕ ಹಾಕಲಿ, ನೀವು ಹೇಳಿಬಿಡಬೇಡಿ.

ಆಮೇಲೆ ಮೊಬೈಲ್ ಕಂತು. ಇದಕ್ಕೆ ಪೂರ್ತಿ ಒಂದು ಪೀರಿಯಡ್ ಕೊಡಿ. 15,000 ರೂಪಾಯಿಯ ಫೋನು, ತಿಂಗಳಿಗೆ 1,400ರಂತೆ 12 ಕಂತು. ಒಟ್ಟು 16,800. ಜಾಸ್ತಿ ಕೊಟ್ಟಿದ್ದು 1,800, ಶೇ. 12 ಅಷ್ಟೇ ಅಲ್ವಾ ಅನ್ನುತ್ತಾರೆ. ಈಗ ಅಸಲು ತಿಂಗಳಿಗೆ 1,250ರಂತೆ (15,000 ÷ 12) ತೀರುತ್ತದೆ ಅಂತ ಇಟ್ಟುಕೊಂಡು, ಬೋರ್ಡಿನ ಮೇಲೆ ಪ್ರತಿ ತಿಂಗಳು ಉಳಿದ ಅಸಲು ಬರೆಸಿ: 15,000, 13,750, 12,500... ಕೊನೆಗೆ 1,250. ಸರಾಸರಿ ತೆಗೆದರೆ 8,125. ಕೈಯಲ್ಲಿದ್ದ ಸಾಲ ಅಷ್ಟೇ. ಅದಕ್ಕೆ 1,800 ಬಡ್ಡಿ ಅಂದರೆ ಸುಮಾರು ಶೇ. 22! ಸರಾಸರಿ ಯಾಕೆ ಕಲಿಯಬೇಕು ಅನ್ನುವುದು ಮಕ್ಕಳಿಗೆ ಆಗ ಹೊಳೆಯುತ್ತದೆ.

ರಿಯಾಯಿತಿ, ಜಿಎಸ್‌ಟಿ ಬೇಗ ಮುಗಿಸಿ, ಅಂಗಡಿಯ ಒಂದು ಬಿಲ್ ಸಾಕು. ಆದರೆ ಮನೆಯ ಸಾಲ ಎಷ್ಟಿದೆ ಅಂತ ಯಾವ ಮಗುವನ್ನೂ ಕೇಳಬೇಡಿ. ಎಷ್ಟೋ ಮಕ್ಕಳಿಗೆ ಅದು ನೋವಿನ ವಿಷಯ. ಲೆಕ್ಕದ ಅಂಕಿಗಳನ್ನು ನೀವೇ ಮಾಡಿಕೊಡಿ.