ಪತ್ತನಾಜೆ ಕಳೆದ ಮೇಲೆ ಕಾದಂಬರಿ

ಮನೆ, ಕೆಲಸ ಎಲ್ಲ ಇರುವವರಿಗೆ ಕಾದಂಬರಿ ಬರೆಯಲು ಸಮಯ ಸಿಗುವುದಿಲ್ಲ ಎನ್ನುತ್ತಾರೆ. ನನಗೆ ಅದಕ್ಕಿಂತ ದೊಡ್ಡ ತೊಂದರೆ ಬೇರೆಯೇ ಇತ್ತು. ಬೆಳಿಗ್ಗೆ ಮುಕ್ಕಾಲು ಗಂಟೆ ಹೇಗೋ ಸಿಗುತ್ತಿತ್ತು. ಆದರೆ ಕತೆಯ ಒಳಗೆ ಮರಳಿ ಹೋಗುವುದಕ್ಕೇ ಅರ್ಧ ಗಂಟೆ ಹಿಡಿಯುತ್ತಿತ್ತು. ನಿನ್ನೆ ಆ ಹುಡುಗಿ ಯಾಕೆ ಸಿಟ್ಟಾಗಿದ್ದಳು, ಅವಳ ಅಣ್ಣ ಜಗಲಿಯಲ್ಲಿದ್ದನೋ ಕೊಟ್ಟಿಗೆಯಲ್ಲಿದ್ದನೋ, ಇದೆಲ್ಲ ನೆನಪಾಗುವಷ್ಟರಲ್ಲಿ ಕುಕ್ಕರ್ ಕೂಗುತ್ತದೆ. ಹಾಗಾಗಿ ಈ ಮರಳಿ ಹೋಗುವ ದಾರಿಯನ್ನು ಗಿಡ್ಡ ಮಾಡುವುದಕ್ಕೇ ನಾನು ಹೆಚ್ಚು ತಲೆ ಕೆಡಿಸಿಕೊಂಡದ್ದು.

ನಾನಿರುವುದು ಉಡುಪಿಯ ಕಿನ್ನಿಮುಲ್ಕಿಯಲ್ಲಿ. ಕೆಲಸ ಮಂಗಳೂರಿನ ಒಂದು ಬ್ಯಾಂಕಿನಲ್ಲಿ. ಮನೆಯಲ್ಲಿ ಗಂಡ, ಶಾಲೆಗೆ ಹೋಗುವ ಮಗಳು, ವಯಸ್ಸಾದ ಅತ್ತೆ ಇದ್ದಾರೆ. ಬರೆಯುತ್ತಿರುವುದು ಬ್ರಹ್ಮಾವರದ ಆಚೆಯ ಒಂದು ಒಕ್ಕಲು ಮನೆಯ ಕತೆ. 1974ರಲ್ಲಿ ಭೂಸುಧಾರಣೆ ಕಾನೂನಿನ ತಿದ್ದುಪಡಿ ಜಾರಿಗೆ ಬಂತು. ಗೇಣಿಗೆ ಮಾಡುತ್ತಿದ್ದ ಗದ್ದೆ ತಮ್ಮದಾಗಬೇಕಾದರೆ ಒಕ್ಕಲುಗಳು ಫಾರಂ ನಂಬರ್ 7 ತುಂಬಿಸಿ ಭೂ ನ್ಯಾಯಮಂಡಳಿಗೆ ಕೊಡಬೇಕಿತ್ತು. ಅಷ್ಟು ಕಾಲ ಅನ್ನ ಕೊಟ್ಟ ಧಣಿಯ ಎದುರು ಅರ್ಜಿ ಹಾಕುವುದೇ? ನನ್ನ ಕತೆಯ ಅಣ್ಣ ಬೇಡ ಎನ್ನುತ್ತಾನೆ, ತಂಗಿ ಹಾಕಲೇಬೇಕು ಎನ್ನುತ್ತಾಳೆ.

ನಾನು ಪಾಲಿಸುವ ಮುಖ್ಯ ನಿಯಮ ಒಂದೇ. ಕೈಯಲ್ಲಿ ಇನ್ನೂ ಐದು ನಿಮಿಷ ಇರುವಾಗಲೇ ಬರೆಯುವುದನ್ನು ನಿಲ್ಲಿಸುತ್ತೇನೆ. ಆ ಐದು ನಿಮಿಷದಲ್ಲಿ ನಾಳೆಗೆ ಬೇಕಾದ್ದನ್ನು ಬೇರೆ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಸಾರಾಂಶ ಬರೆದರೆ ಉಪಯೋಗವಿಲ್ಲ. ಕತೆಯಲ್ಲಿ ಆ ಕ್ಷಣ ಏನಿದೆಯೋ ಅದನ್ನೇ ಬರೆಯಬೇಕು. ಒಂದು ದಿನದ್ದು ಹೀಗಿದೆ: ‘ತಂಗಿ ಅರ್ಜಿಯನ್ನು ಅಕ್ಕಿ ಮುಡಿಯ ಹಿಂದೆ ಇಟ್ಟಿದ್ದಾಳೆ. ಅಣ್ಣನಿಗೆ ಗೊತ್ತಿಲ್ಲ. ಮಳೆ ಈಗಷ್ಟೇ ನಿಂತಿದೆ. ಅವನು ಒಳಗೆ ಬಂದು ಕೇಳುವ ಮೊದಲ ಮಾತು: ಒಲೆ ಯಾಕೆ ಹೊತ್ತಿಸಲಿಲ್ಲ?’ ಇಷ್ಟು ಓದಿದರೆ ಸಾಕು, ಮರುದಿನ ನೇರ ಆ ಅಡುಗೆಮನೆಗೆ ಹೋಗಿಬಿಡುತ್ತೇನೆ. ಮಗಳಿಗೆ ಜ್ವರ ಬಂದು ವಾರಗಟ್ಟಲೆ ಪುಸ್ತಕ ಮುಟ್ಟದಿದ್ದಾಗಲೂ ಈ ನಾಲ್ಕು ಸಾಲು ನನ್ನನ್ನು ಕೈಬಿಡಲಿಲ್ಲ.

ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. ಸುಮಾರು 200 ಪುಟದ ಕನ್ನಡ ಕಾದಂಬರಿ ಎಂದರೆ ಹತ್ತಿರಹತ್ತಿರ 50,000 ಪದ. ದಿನಕ್ಕೆ 250 ಪದ ಬರೆದರೆ 200 ದಿನದಲ್ಲಿ ಮೊದಲ ಕರಡು ಮುಗಿಯುತ್ತದೆ. 250 ಪದ ಎಂದರೆ ಒಂದು ಪುಟ, ಅಷ್ಟೇ. ವರ್ಷದ ಉಳಿದ 165 ದಿನ ಮದುವೆ, ಮುಂಜಿ, ಜ್ವರ, ಪರೀಕ್ಷೆಗೆ ಬಿಟ್ಟುಕೊಡಬಹುದು.

ಆದರೆ ಆ 200 ದಿನದಲ್ಲಿ ಹೆಚ್ಚಿನವು ಯಾವಾಗ ಸಿಗುತ್ತವೆ ಎಂದು ಮೊದಲೇ ಗೊತ್ತಿರಬೇಕು. ನಮ್ಮ ಕರಾವಳಿಯಲ್ಲಿ ಅದಕ್ಕೊಂದು ದಾರಿ ಇದೆ. ದೀಪಾವಳಿ ಕಳೆದ ಮೇಲೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ದೈವಗಳ ಕೋಲ, ನೇಮ, ಜಾತ್ರೆ, ಮದುವೆ ಎಲ್ಲ ಒಟ್ಟೊಟ್ಟಿಗೆ ಬರುತ್ತವೆ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪರ್ಯಾಯ, ಅಂದರೆ ಕೃಷ್ಣಮಠದ ಪೂಜೆ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುವ ಉತ್ಸವ. ಆಗ ಉಡುಪಿಯ ಮನೆಗಳಲ್ಲಿ ನೆಂಟರು ತುಂಬಿರುತ್ತಾರೆ. ಮೇ ತಿಂಗಳಲ್ಲಿ ಮುಂಬೈಯಿಂದ ಬರುವವರು ಬೇರೆ. ಮೇ 24ರ ಸುಮಾರಿಗೆ ಪತ್ತನಾಜೆ, ಅಂದರೆ ತುಳುವಿನ ಬೇಶ ತಿಂಗಳ ಹತ್ತನೇ ದಿನ ಬರುತ್ತದೆ. ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ಕೋಲಗಳು ನಿಲ್ಲುತ್ತವೆ, ಹಿಂದೆಯೇ ಮಳೆಯೂ ಹಿಡಿಯುತ್ತದೆ. ಅಲ್ಲಿಂದ ದೀಪಾವಳಿವರೆಗೆ ನಾನು ಹೊಸದಾಗಿ ಬರೆಯುತ್ತೇನೆ. ದೀಪಾವಳಿಯಿಂದ ಪತ್ತನಾಜೆವರೆಗೆ ಓದು, ಹುಡುಕಾಟ, ಉಳಿದ ಪುಟಗಳು ಆಗೀಗ ಒಂದೊಂದು. ಜಾತ್ರೆ ಸಮಯದಲ್ಲಿ ಬರೆಯಲಾಗಲಿಲ್ಲ ಎಂದು ಈಗ ಸಂಕಟಪಡುವುದಿಲ್ಲ. ಯಕ್ಷಗಾನ ಆಟ ನೋಡಲು ಹೋದರೆ ನೆಮ್ಮದಿಯಿಂದ ಬೆಳಗಿನವರೆಗೂ ಕೂರುತ್ತೇನೆ.

ಮಳೆಗಾಲಕ್ಕೂ ಅದರದ್ದೇ ಗೊಂದಲ ಇದೆ. ಬೆಳಿಗ್ಗೆ ಬರೆಯಲು ಕೂತಾಗಲೇ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಟ್ಟರು ಎಂದು ವಾಟ್ಸಾಪ್‌ನಲ್ಲಿ ಬರುತ್ತದೆ. ಮಗಳಿಗೆ ಸಂಭ್ರಮ. ಕರೆಂಟೂ ಹೋಗುತ್ತದೆ. ಅದಕ್ಕೇ ಮೊದಲ ಕರಡನ್ನು ನಾನು ಪೆನ್ನಿನಲ್ಲಿ ಬರೆಯುವುದು. ರಜೆಯ ದಿನ ಹೊಸ ದೃಶ್ಯ ಶುರು ಮಾಡುವುದಿಲ್ಲ. ಬರೆದದ್ದನ್ನು ಟೈಪ್ ಮಾಡುತ್ತೇನೆ. ಆ ಕೆಲಸದ ನಡುವೆ ಯಾರು ಎಷ್ಟು ಸಲ ಕರೆದರೂ ಏನೂ ಕೆಡುವುದಿಲ್ಲ.

ಬಸ್ಸಿನ ಪ್ರಯಾಣ ನನಗೆ ಸಿಕ್ಕಿದ ದೊಡ್ಡ ಉಪಕಾರ. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮಂಗಳೂರಿಗೆ ಒಂದೂಕಾಲರಿಂದ ಒಂದೂವರೆ ಗಂಟೆ. ಆ ಓಟದಲ್ಲಿ ಬರೆಯಲು ಆಗುವುದಿಲ್ಲ. ಮನೆಯಿಂದ ಹೊರಡುವಾಗ ಒಂದೇ ಒಂದು ಪ್ರಶ್ನೆ ಹಿಡಿದುಕೊಳ್ಳುತ್ತೇನೆ. ಧಣಿಯ ಹೆಂಡತಿ ಈ ಸುದ್ದಿ ಕೇಳಿ ಎಂತ ಹೇಳಬಹುದು? ಸುರತ್ಕಲ್‌ವರೆಗೆ ಅದೇ ಯೋಚನೆ, ಅಲ್ಲಿಂದ ಮುಂದೆ ಬ್ಯಾಂಕು. ಮಾತು ಹೊಳೆದರೆ ಫೋನಿನಲ್ಲಿ ಮೆಲ್ಲಗೆ ಹೇಳಿ ಧ್ವನಿಯನ್ನೇ ಉಳಿಸಿಕೊಳ್ಳುತ್ತೇನೆ. ಹೇಳಿದ್ದನ್ನು ತಾನೇ ಟೈಪ್ ಮಾಡುವ ಸೌಲಭ್ಯ ನನ್ನ ಪಾತ್ರಗಳಿಗೆ ಆಗಲಿಲ್ಲ. ಕುಂದಾಪ್ರ ಕನ್ನಡದ ‘ಹೋಯ್ಕ್’ (ಹೋಗಬೇಕು) ಅದಕ್ಕೆ ತಿಳಿಯುವುದೇ ಇಲ್ಲ.

ಬ್ಯಾಂಕಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ ಇರುವುದರಿಂದ, ಒಂದು ಶನಿವಾರ ಎಂಜಿಎಂ ಕಾಲೇಜಿನ ಆವರಣದ ಗೋವಿಂದ ಪೈ ಸಂಶೋಧನ ಕೇಂದ್ರಕ್ಕೆ. ಹುಡುಕಾಟಕ್ಕೆ ಬೇರೆ ದಿನ ಇಡಲೇಬೇಕು ಎಂದು ನನಗೆ ಅನಿಸುತ್ತದೆ. ಇಲ್ಲದಿದ್ದರೆ ಚಾಲಗೇಣಿ ಚೀಟಿಯಲ್ಲಿ, ಅಂದರೆ ಗೇಣಿಯ ಕರಾರು ಪತ್ರದಲ್ಲಿ, ಎಂತ ಬರೆಯುತ್ತಿದ್ದರು ಎಂದು ನೋಡಲು ಹೋಗಿ ಬೆಳಗಿನ ಹೊತ್ತು ಪೂರ್ತಿ ಹೋಗುತ್ತದೆ. ಗೊತ್ತಿಲ್ಲದ ಕಡೆ ಒಂದು ಗೀಟು ಎಳೆದು ಮುಂದೆ ಬರೆಯುತ್ತೇನೆ.

ಮನೆಯ ಗದ್ದಲವೇ ಬರಹಗಾರರಿಗೆ ಸರಕು ಎನ್ನುವವರಿದ್ದಾರೆ. ನಾನು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಮಗಳ ಹಣೆಗೆ ಒದ್ದೆ ಬಟ್ಟೆ ಇಡುವಾಗ ನಾನು ಅವಳ ಅಮ್ಮ. ಆಗ ಮನಸ್ಸಿನಲ್ಲಿ ವಾಕ್ಯ ಕಟ್ಟುತ್ತಾ ಕೂರುವುದು ಸರಿಯಲ್ಲ. ಅತ್ತೆಯ ವಿಷಯ ಬೇರೆ. ಅವರ ತವರಿನವರೂ ಒಕ್ಕಲುಗಳೇ. ಅವರನ್ನು ನಾನು ಸುಮ್ನೆ ಕದ್ದು ಕೇಳಲಿಲ್ಲ, ‘ಅಮ್ಮಾ, ಬರೆಯಲು ಬೇಕು, ಹೇಳ್ತೀರಾ’ ಎಂದು ಕೇಳಿದೆ. ರಾತ್ರಿ ಊಟದ ನಂತರ ಅವರು ಹೇಳುತ್ತಾರೆ. ಗೇಣಿ ಅಕ್ಕಿ ಹೊತ್ತುಕೊಂಡು ಹೋದವರು ಧಣಿಯ ಮನೆಯಲ್ಲಿ ಎಲ್ಲಿ ನಿಲ್ಲುತ್ತಿದ್ದರು, ಎಲ್ಲಿಗೆ ಕಾಲಿಡುವಂತಿರಲಿಲ್ಲ ಎಂದು ಅವರು ಹೇಳಿದ್ದು ಯಾವ ಪುಸ್ತಕದಲ್ಲೂ ನನಗೆ ಸಿಗಲಿಲ್ಲ. ಆಮೇಲಿನಿಂದ ಬೆಳಿಗ್ಗೆ ಯಾರಾದರೂ ನನ್ನನ್ನು ಕರೆದರೆ ಅವರೇ ಹೋಗಿ ವಿಚಾರಿಸುತ್ತಾರೆ.

ಗಂಡನ ಜೊತೆ ಮಾತಾಡಿ ಒಪ್ಪಂದ ಮಾಡಿಕೊಂಡದ್ದೂ ಒಳ್ಳೆಯದೇ ಆಯಿತು. ಬೆಳಗಿನ ಚಹಾ, ಮಗಳ ಬುತ್ತಿ ಅವರದು. ಭಾನುವಾರ ನಾನು ಬರೆಯುವುದಿಲ್ಲ. ಸಂಜೆ ಮಗಳನ್ನು ಮಲ್ಪೆಯ ಕಡಲಿಗೆ ಕರೆದುಕೊಂಡು ಹೋಗುತ್ತೇವೆ. ಹೆಂಗಸು ಸುಮ್ಮನೆ ಗೋಡೆ ನೋಡುತ್ತಾ ಕೂತರೆ ಅದೂ ಕೆಲಸ ಎಂದು ಮನೆಯವರಿಗೆ ತಾನಾಗಿ ತಿಳಿಯುವುದಿಲ್ಲ ಅಲ್ವಾ? ಬಾಯಿಬಿಟ್ಟು ಹೇಳಬೇಕು, ಜಾಸ್ತಿ ಸಲವೇ ಹೇಳಬೇಕು.

ತಿದ್ದುವ ಕೆಲಸ ಮಾತ್ರ ಹೀಗೆ ಚೂರುಚೂರಾಗಿ ಆಗುವುದಿಲ್ಲ. ಮೂರನೇ ಅಧ್ಯಾಯದಲ್ಲಿ ಆಡಿದ ಮಾತು ಇಪ್ಪತ್ತನೆಯದರಲ್ಲಿ ಹೇಗೆ ತಿರುಗಿ ಬರುತ್ತದೆ ಎಂದು ನೋಡಬೇಕಾದರೆ ಇಡೀ ಪುಸ್ತಕ ಒಟ್ಟಿಗೆ ತಲೆಯಲ್ಲಿರಬೇಕು. ಅದಕ್ಕಾಗಿ ಬ್ಯಾಂಕಿನ ರಜೆಗಳನ್ನು ತುಳುವಿನ ಆಟಿ ತಿಂಗಳಿಗೆ (ಜುಲೈ-ಆಗಸ್ಟ್) ಉಳಿಸಿಕೊಳ್ಳುತ್ತೇನೆ. ಆಟಿಯಲ್ಲಿ ಮದುವೆ, ಗೃಹಪ್ರವೇಶ ಇಲ್ಲ, ಯಾರೂ ಕರೆಯಲು ಬರುವುದಿಲ್ಲ. ಮಾಳಿಗೆಯ ಕೋಣೆಯಲ್ಲಿ ಹಾಳೆಗಳನ್ನು ನೆಲದ ಮೇಲೆ ಹರಡಿ ದಿನವಿಡೀ ಕೂರುತ್ತೇನೆ. ಈ ಸಲ ನ್ಯಾಯಮಂಡಳಿಯ ಅಧ್ಯಾಯಗಳನ್ನು ತಿದ್ದಬೇಕು. ಕೃಷ್ಣಾಷ್ಟಮಿಗೆ ಉಂಡೆ, ಚಕ್ಕುಲಿ ಮಾಡಲು ಶುರುವಾಗುವ ಮೊದಲೇ ಅದು ಮುಗಿಯಬೇಕು.